ಕೊನೆಯ ಕ್ವಾರ್ಟರಿನ ಕಾಲುಗಳು

ಆ ವರ್ಷ ಸೀಸನ್ನು ಶುರುವಾದ ಮೇಲೆ ಮೊದಲ ನಾಲ್ಕು ಪಂದ್ಯಗಳಲ್ಲಿ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಮೂರನ್ನು ಸೋತಿತು. ಸೋಲಿಗೆ ಕಾರಣ ಯಾರೆಂಬುದು ಆಟ ನೋಡುವವರಿಗೆಲ್ಲ ಗೊತ್ತಿತ್ತು. ಕನ್ನಡಕದಂಗಡಿಯವರ ಎದುರಿಗೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಏಕೆಂದರೆ ಆ ಕಾರಣ ಅವರ ಮಗಳು.

ಅವರ ಅಂಗಡಿ ಇದ್ದದ್ದು ಕಾಲೇಜಿನ ಹಿಂಬದಿಯ ಗೇಟಿಗೆ ಎದುರಾಗಿ. ಒಂದು ಗಾಜಿನ ಕೌಂಟರು, ಗೋಡೆ ತುಂಬ ಫ್ರೇಮುಗಳು, ಸಾಲಿನಿಂದ ಸಾಲಿಗೆ ಅಕ್ಷರ ಸಣ್ಣದಾಗುತ್ತ ಹೋಗುವ ಬೋರ್ಡು, ಪರದೆಯ ಹಿಂದೆ ಗಾಜು ತೀಡುವ ಯಂತ್ರ. ಆ ಯಂತ್ರದ ಮುಂದೆ ವರ್ಷಾನುಗಟ್ಟಲೆ ಬಾಗಿ ಕೂತು ಕನ್ನಡಕದವರ ಬೆನ್ನು ಹಾಳಾಗಿತ್ತು. "ಎಲ್ಲರಿಗೂ ಬೆನ್ನು ಹತ್ತಿದ ಬೇತಾಳ ಇರತ್ತೆ, ನನಗೆ ಬೆನ್ನೇ ಬೇತಾಳ" ಎಂದು ಗಿರಾಕಿಗಳ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಪಂದ್ಯ ಮುಗಿದ ಸಂಜೆ ಆ ಅಂಗಡಿಯಲ್ಲಿ ಮೂವರು ಬಂದು ಸೇರುವುದು ಹಳೆಯ ವಾಡಿಕೆ. ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಒಬ್ಬರು, ಪಕ್ಕದ ಔಷಧಿ ಅಂಗಡಿಯ ಹೆಂಗಸು ಒಬ್ಬರು. ಆಕೆಯನ್ನು ಎಲ್ಲರೂ ಔಷಧಿ ಅಕ್ಕ ಎನ್ನುತ್ತಿದ್ದರು. ಆಕೆ ತಮ್ಮ ಕಾಲದಲ್ಲಿ ಇದೇ ಕಾಲೇಜಿಗೆ ಆಡಿದವರು. ಕನ್ನಡಕದವರೂ ಸೇರಿ ನಾಲ್ಕು ಜನ. ಮೇಷ್ಟ್ರು ಗಾಜಿನ ಮೇಲೆ ಗುರುತು ಹಾಕುವ ಮೇಣದ ಪೆನ್ಸಿಲ್ಲಿನಿಂದ ಕೌಂಟರಿನ ಮೇಲೆ ಆಟದ ಅಂಕಣದ ನಕ್ಷೆ ಬರೆಯುವರು. ಐದು ಕನ್ನಡಕದ ಡಬ್ಬಿಗಳು ನಮ್ಮ ತಂಡ, ಐದು ಸ್ಪ್ರೇ ಬಾಟಲಿಗಳು ಎದುರಾಳಿ ತಂಡ. ಡಬ್ಬಿಗಳನ್ನು ಸರಿಸುತ್ತ ಸರಿಸುತ್ತ, ಯಾರು ಯಾರಿಗೆ ಪಾಸ್ ಕೊಡಬೇಕಿತ್ತು, ಯಾರು ಎಲ್ಲಿ ನಿದ್ದೆ ಹೊಡೆದರು ಎಂದು ಜಗಳ ಶುರುವಾದರೆ ಗಿರಾಕಿ ಬಂದು ನಿಂತರೂ ಲಕ್ಷ್ಯವಿಲ್ಲ.

ಆ ದಿನಗಳಲ್ಲಿ ನಾಲ್ವರ ಪೈಕಿ ಹೆಚ್ಚು ಖಾರದ ನಾಲಿಗೆ ಕನ್ನಡಕದವರದೇ. ಕೈಗೆ ಬಂದ ಚೆಂಡು ಜಾರಿಸಿದ ಹುಡುಗಿಯ ಬಗ್ಗೆ, "ಅವಳ ಅಮ್ಮ ಬೆಳಿಗ್ಗೆ ಬೆಣ್ಣೆ ಹಚ್ಚಿ ಕಳಿಸಿದ್ದಾಳೆ ಅಂತ ಕಾಣತ್ತೆ" ಎಂದು ನಗಿಸಿದ್ದರು. ರಿಂಗಿಗೆ ತಾಗದೆ ಹೊರಗೆ ಹೋದ ಚೆಂಡನ್ನು ಕಂಡು, "ಮಗೂ, ನಾಳೆ ಅಂಗಡಿಗೆ ಬಾ, ನಂಬರ್ ಚೆಕ್ ಮಾಡ್ತೀನಿ" ಎಂದು ಗ್ಯಾಲರಿಯಿಂದಲೇ ಕೂಗಿದ್ದರು. ಆ ಹುಡುಗಿಯರಿಗೂ ಅಪ್ಪಂದಿರು ಇರುತ್ತಾರೆ ಎಂಬುದು ಆಗ ಅವರ ತಲೆಗೆ ಹೊಳೆದಿರಲಿಲ್ಲ.

ಮಗಳು ಎತ್ತರದ ಹುಡುಗಿ. ಮನೆಯಲ್ಲಿ ಅಜ್ಜಿ ಇಟ್ಟ ಹೆಸರು ಏಣಿ. ಆ ಹೆಸರು ಕಾಲೇಜಿಗೂ ಹೋಗಿ ಅಲ್ಲಿಯೂ ನಿಂತಿತು. ಈ ವರ್ಷ ಕೋಚು ಅವಳನ್ನು ಸೆಂಟರ್ ಸ್ಥಾನಕ್ಕೆ ಹಾಕಿದಾಗ ಅಂಗಡಿಯಲ್ಲಿ ಸಿಹಿ ಹಂಚಿದ್ದಾಯಿತು. ರಿಂಗಿನ ಕೆಳಗೆ ನಿಂತು ಬೀಳುವ ಚೆಂಡನ್ನೆಲ್ಲ ಹಿಡಿಯುವುದು ಅವಳ ಕೆಲಸ. ಆದರೆ ಪಂದ್ಯ ಕೊನೆಗೆ ಬರುತ್ತಿದ್ದಂತೆ ಅವಳ ಕೈಗೆ ಬೀಳಬೇಕಾದ ಚೆಂಡುಗಳು ಎದುರಾಳಿಗಳ ಕೈಗೆ ಬೀಳತೊಡಗಿದವು.

ಮೂರನೆಯ ಸೋಲಿನ ಸಂಜೆ ಪೋಸ್ಟ್‌ಮಾಸ್ಟರು ಅಂಕಣದ ನೆಲವನ್ನು ಬೈದರು.

"ಎಂಥ ಜಾರತ್ತೆ ಅಂತೀರಿ! ಪಾಲಿಶ್ ಹಾಕಿದ್ದಾರೋ ಎಣ್ಣೆ ಸುರಿದಿದ್ದಾರೋ."

"ಬೆಳಕೂ ಸರಿ ಇಲ್ಲ. ಎಡಗಡೆ ರಿಂಗಿನ ಮೇಲೆ ನೆರಳು ಬೀಳತ್ತೆ" ಎಂದರು ಮೇಷ್ಟ್ರು.

"ಆ ರೆಫ್ರೀಗೆ ಒಂದು ಕನ್ನಡಕ ಮಾಡಿಕೊಡಿ ನೀವು" ಎಂದು ಪೋಸ್ಟ್‌ಮಾಸ್ಟರು ನಕ್ಕರು. ಬೇರೆ ಯಾರೂ ನಗಲಿಲ್ಲ. ಔಷಧಿ ಅಕ್ಕ ಫ್ರೇಮೊಂದನ್ನು ತೆಗೆದು ಹಾಕಿಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದರು. ಕೌಂಟರಿನ ಮೇಲೆ ಅಂಕಣ ಬರೆದಿತ್ತು, ನಾಲ್ಕು ಡಬ್ಬಿಗಳಿದ್ದವು. ಐದನೆಯದನ್ನು ಮೇಷ್ಟ್ರು ಇಟ್ಟಿರಲಿಲ್ಲ.

ಕನ್ನಡಕದವರು ಏನೋ ತರುವವರಂತೆ ಪರದೆಯ ಹಿಂದೆ ಹೋದರು. ಹೊರಗೆ ಪಿಸುಪಿಸು ಎದ್ದಿತು. "ಎರಡು ಸಲ ಕೈಗೇ ಬಂತಲ್ರೀ" ಎನ್ನುವುದು ಕೇಳಿಸಿತು. ಅವರು ಬೇಕೆಂದೇ ಯಂತ್ರದ ಮೇಲಿದ್ದ ಚಿಮಟ ಬೀಳಿಸಿ ಸದ್ದು ಮಾಡಿ ಹೊರಬಂದರು. "ಸೆಖೆ ಜಾಸ್ತಿ ಆಯ್ತು ಈಗೀಗ" ಎಂದರು ಪೋಸ್ಟ್‌ಮಾಸ್ಟರು.

ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಈ ಮರ್ಯಾದೆ ಅವರನ್ನು ಸುಸ್ತು ಮಾಡಿತು. ಇಡೀ ದಿನ ಗಾಜು ತೀಡಿದ ಮೇಲೆ ಆ ಒಂದು ಗಂಟೆಯ ಹರಟೆಗಾಗಿ ಬದುಕಿದವರು ಅವರು. ಈಗ ಅಂಗಡಿಯೊಳಗೆ ಸಾವಿನ ಮನೆಯ ಹಾಗೆ ತಗ್ಗಿದ ದನಿ.

ಮನೆಗೆ ಹೋದರೆ ಅಲ್ಲಿ ಬೇರೆ ಪರೀಕ್ಷೆ. ಮಗಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿರುತ್ತಿದ್ದಳು.

"ಏನಂದ್ರು ಅಪ್ಪ, ನಿನ್ನ ಪಂಡಿತರು?"

"ನೆಲ ಜಾರತ್ತೆ ಅಂದ್ರು."

"ನನ್ನ ಬಗ್ಗೆ?"

"ಚೆನ್ನಾಗೇ ಆಡ್ತಾಳೆ, ಇನ್ನೂ ಹೊಸದು, ಹೊಂದಿಕೋತಾಳೆ ಅಂದ್ರು."

ಅವಳು ಅಪ್ಪನ ಮುಖ ನೋಡಿ ಮತ್ತೆ ನೀರು ನೋಡುತ್ತಿದ್ದಳು. ಇಪ್ಪತ್ತು ತುಂಬದ ಹುಡುಗಿ, ಬಕೆಟ್ಟಿನಿಂದ ಏಳುವಾಗ ಗೋಡೆ ಹಿಡಿದು ಏಳುತ್ತಿದ್ದಳು. ಕನ್ನಡಕದವರು ಅದನ್ನು ನೋಡಿಯೂ ನೋಡಿರಲಿಲ್ಲ.

ಐದನೆಯ ಪಂದ್ಯವೂ ಹೋಯಿತು, ಅದೂ ಗೆದ್ದೇ ಬಿಟ್ಟೆವು ಎಂಬಂತಿದ್ದ ಪಂದ್ಯ. ಆಟದ ನಾಲ್ಕು ಕ್ವಾರ್ಟರುಗಳಲ್ಲಿ ಮೂರು ಮುಗಿದಾಗ ನಮ್ಮ ಹುಡುಗಿಯರೇ ಮುಂದಿದ್ದರು. ನಾಲ್ಕನೆಯದರಲ್ಲಿ ರಿಂಗಿನ ಕೆಳಗೆ ಏಣಿ ನಿಂತಲ್ಲೇ ನಿಂತಳು. ಅವಳಿಗಿಂತ ಗೇಣು ಕುಳ್ಳಗಿದ್ದ ಎದುರಾಳಿ ಹುಡುಗಿ ಅವಳ ಮುಂದೆ ಹಾರಿ ಹಾರಿ ಚೆಂಡು ಕಸಿದಳು. ಗ್ಯಾಲರಿಯ ಹಿಂದಿನ ಸಾಲಿನಲ್ಲಿ ಯಾರೋ, "ಗೋಡೆಗೆ ಒರಗಿಸಿಟ್ಟ ಏಣಿ ಕಣ್ರೋ ಅದು!" ಎಂದು ಕೂಗಿದರು. ಸುತ್ತ ಕೂತವರೆಲ್ಲ ನಕ್ಕರು. ಕನ್ನಡಕದವರ ಪಕ್ಕದಲ್ಲಿದ್ದ ಮೂವರು ಮಾತ್ರ ಒಟ್ಟಿಗೇ ಕೆಮ್ಮಿದರು.

ಅಂಗಡಿಗೆ ಬಂದ ಮೇಲೆ ಪೋಸ್ಟ್‌ಮಾಸ್ಟರು, "ಚೆಂಡಿಗೆ ಗಾಳಿ ಕಡಿಮೆ ಇತ್ತು ಅನ್ಸತ್ತೆ" ಎಂದು ಶುರು ಮಾಡಿದರು.

ಕನ್ನಡಕದವರು ಕೌಂಟರಿನ ಮೇಲೆ ಎರಡೂ ಅಂಗೈ ಊರಿದರು. "ಸಾಕು ಮಾಡಿ ಪೋಸ್ಟ್‌ಮಾಸ್ಟ್ರೇ. ನೆಲ ಆಯ್ತು, ಬೆಳಕಾಯ್ತು, ರೆಫ್ರೀ ಆಯ್ತು, ಈಗ ಗಾಳಿ. ನಾವು ಸೋತಿದ್ದು ನನ್ನ ಮಗಳಿಂದ. ನನಗೂ ಕಣ್ಣಿದೆ. ಅದೇ ನನ್ನ ಕಸುಬು."

ಅವರೇ ಶೆಲ್ಫಿನಿಂದ ಉದ್ದನೆಯ ಡಬ್ಬಿಯೊಂದನ್ನು ತೆಗೆದು ಮೇಷ್ಟ್ರು ಬರೆದ ರಿಂಗಿನ ಕೆಳಗೆ ಟಪ್ಪೆಂದು ಇಟ್ಟರು. "ಇಗೋ ಏಣಿ. ಹೇಳಿ ಈಗ."

"ಬೇಜಾರು ಮಾಡ್ಕೋಬಾರದು" ಎಂದರು ಮೇಷ್ಟ್ರು.

"ಮಾಡ್ಕೊಳ್ಳಲ್ಲ."

ಕಟ್ಟೆ ಒಡೆಯಿತು. ಇಷ್ಟು ದಿನ ತುಂಬಿಟ್ಟುಕೊಂಡಿದ್ದು ಎಷ್ಟಿತ್ತೆಂದು ಕನ್ನಡಕದವರು ಊಹಿಸಿರಲಿಲ್ಲ. ಅವಳಿಗೆ ಎಡಗೈ ಇದೆ ಎನ್ನುವುದೇ ನೆನಪಿರುವುದಿಲ್ಲ ಎಂದರು ಮೇಷ್ಟ್ರು. ಡಬ್ಬಿಯನ್ನು ಹಿಂದೆ ಮುಂದೆ ಸರಿಸಿ, ಪ್ರತಿ ಸಲವೂ ಹೇಗೆ ತಪ್ಪು ಕಡೆಗೆ ತಿರುಗುತ್ತಾಳೆಂದು ತೋರಿಸಿದರು. ಪೋಸ್ಟ್‌ಮಾಸ್ಟರು, "ಪಾಸ್ ಬಂದ್ರೆ ವಿಳಾಸ ಇಲ್ಲದ ಕಾಗದ ಕೈಗೆ ಬಂದವರ ಹಾಗೆ ನಿಂತ್ಕೋತಾಳೆ, ಯಾರಿಗೆ ಕೊಡ್ಲಿ ಅಂತ" ಎಂದರು. ಹೋದ ವರ್ಷದ ಸೆಂಟರ್ ಹುಡುಗಿಯನ್ನು ಹೊಗಳಿದರು. ಫೌಲಿಗೆ ಸಿಗುವ ಫ್ರೀ ಥ್ರೋ ಹೊಡೆಯುವಾಗ ಇವಳು ಕಣ್ಣು ಮುಚ್ಚುತ್ತಾಳೆಂದು ಒಬ್ಬರು, ಇಲ್ಲ, ಬಾಯಿ ತೆರೆಯುತ್ತಾಳೆಂದು ಇನ್ನೊಬ್ಬರು. ಮಾತು ರಂಗೇರಿ ಇಬ್ಬರೂ ನಗತೊಡಗಿದ್ದರು, ಹಳೆಯ ಕಾಲದಂತೆಯೇ. ಕನ್ನಡಕದವರೂ ನಗಲು ನೋಡಿದರು. ಆಗದೆ ಬಟ್ಟೆ ತೆಗೆದುಕೊಂಡು ಕೌಂಟರಿನ ಅಂಚು ಒರೆಸತೊಡಗಿದರು.

"ನೀವಿಬ್ರೂ ಸ್ವಲ್ಪ ಸುಮ್ನಿರಿ" ಎಂದರು ಔಷಧಿ ಅಕ್ಕ. "ಎಡಗೈ ಕಲಿಸಿದ್ರೆ ಬರತ್ತೆ. ನೀವು ಅವಳ ಕಾಲು ನೋಡಿಲ್ಲ. ಮೊದಲ ಕ್ವಾರ್ಟರಲ್ಲಿ ಚೆನ್ನಾಗಿ ಹಾರ್ತಾಳೆ. ಕೊನೆಗೆ ಬರೋ ಹೊತ್ತಿಗೆ ಸೊಂಟದ ಮೇಲೆ ಕೈ ಇಟ್ಕೊಂಡು ಓಡ್ತಾಳೆ. ಅದು ಆಟದ ಸುಸ್ತಲ್ಲ. ಆಟಕ್ಕೆ ಬರೋ ಮುಂಚೇನೇ ಸುಸ್ತಾಗಿ ಬಂದಿರ್ತಾಳೆ. ಮನೇಲಿ ಏನಾದ್ರೂ ಭಾರದ ಕೆಲಸ ಮಾಡ್ತಾಳಾ?"

"ಅಂಥದ್ದೇನೂ ಇಲ್ಲ" ಎಂದರು ಕನ್ನಡಕದವರು.

ಇತ್ತು. ಅವರ ತಾಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮೂಳೆ ಕೂಡಿತ್ತು, ಕಾಲಿಗೆ ಬಲ ಬಂದಿರಲಿಲ್ಲ. ದಪ್ಪ ಮೈ. ಬೆಳಗಿನ ಜಾವ ಎಬ್ಬಿಸಿ, ಗಾಲಿ ಕುರ್ಚಿಗೆ ದಾಟಿಸಿ, ಬಚ್ಚಲಿಗೆ ಒಯ್ದು, ಮೈ ತೊಳೆಸಿ, ಮತ್ತೆ ಹಾಸಿಗೆಗೆ ತರಬೇಕು. ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಖಾಲಿಹೊಟ್ಟೆಯ ರೋಗಿಗಳಿಗಾಗಿ ಬೆಳಕು ಹರಿಯುವ ಮುಂಚೆಯೇ ಹೊರಡಬೇಕು. ಕನ್ನಡಕದವರಿಗೆ ಬೆನ್ನು. ಉಳಿದದ್ದು ಏಣಿ. ಅವಳಿಗೆ ಎತ್ತರವಿದೆ, ಶಕ್ತಿಯಿದೆ, ಹೇಗೂ ಆಟಗಾರ್ತಿ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿ ಹಾಗೆ ಆಗಿತ್ತು. ಅಜ್ಜಿಯನ್ನು ಎತ್ತಿ ಇಳಿಸಿ, ಅಲ್ಲಿಂದ ಅಭ್ಯಾಸಕ್ಕೆ ಓಡಿ, ಕಾಲೇಜು ಮುಗಿಸಿ, ಸಂಜೆ ಮತ್ತೆ ಎತ್ತಿ ಇಳಿಸಿ ಪಂದ್ಯಕ್ಕೆ ಹೋಗುತ್ತಿದ್ದಳು. ಬೆಳಗಿನ ಆ ಹೊತ್ತಿನಲ್ಲಿ ಕನ್ನಡಕದವರು ಬೆನ್ನಿಗೆ ದಿಂಬು ಕೊಟ್ಟುಕೊಂಡು ಮಲಗಿರುತ್ತಿದ್ದರು.

ಆ ದಿನ ಮಗಳು ಕೇಳುವ ಮುಂಚೆಯೇ ಅವರು ಬಕೆಟ್ಟಿನ ಎದುರು ಸ್ಟೂಲು ಎಳೆದುಕೊಂಡು ಕೂತರು. ಎಡಗೈಯ ಮಾತು ಹೇಳಿದರು. ವಿಳಾಸವಿಲ್ಲದ ಕಾಗದ ಎಂದದ್ದನ್ನೂ ಹೇಳಿದರು. ಅವಳು ನಕ್ಕಳು.

"ಈಗ ಸರಿಹೋಯ್ತು. ಇಷ್ಟು ದಿನ ನೀನು ಚೆನ್ನಾಗಿ ಆಡ್ತಾಳೆ ಅಂದ್ರು ಅಂತ ಹೇಳ್ತಿದ್ದೆಯಲ್ಲ, ಆಗ ಭಯ ಆಗ್ತಿತ್ತು. ಹೇಳೋಕೂ ಆಗದಷ್ಟು ಕೆಟ್ಟದಾಗಿ ಆಡ್ತಿದ್ದೀನೇನೋ ಅಂತ."

"ಇನ್ನೊಂದು ಮಾತು ಹೇಳಿದ್ರು. ನಿನ್ನ ಕಾಲು."

ನಗು ಹೋಯಿತು. ಅವಳು ಒಳಕೋಣೆಯ ಕಡೆ ಕಣ್ಣು ಹಾಯಿಸಿ, "ಮೆಲ್ಲಗೆ ಅಪ್ಪ. ಅಜ್ಜಿಗೆ ಕೇಳಿಸತ್ತೆ" ಎಂದಳು.

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿ ಏನಾಗ್ತಿತ್ತು? ನಿನಗೆ ಬೆನ್ನು. ಅಮ್ಮನಿಗೆ ಡ್ಯೂಟಿ. ಅಜ್ಜಿ ಏನು ಬೇಕಂತಲೇ ಬಿದ್ಲಾ? ಯಾರಿಗೆ ಅಂತ ಹೇಳ್ಲಿ?" ಸಿಟ್ಟಿಲ್ಲದೆ ಹೇಳಿದಳು. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಅವಳಲ್ಲಿ ಉಳಿದ ಹಾಗಿರಲಿಲ್ಲ. "ಕೋಚ್ ಹತ್ರ ಹೋಗಿ ನನ್ನನ್ನ ಬೆಂಚಲ್ಲಿ ಕೂರಿಸಿ ಅಂತ ಕೇಳಿದೆ. ಇಷ್ಟು ಎತ್ತರದವರು ಬೇರೆ ಯಾರಿದ್ದಾರೆ ಅಂದ್ರು."

ಒಳಗಿನಿಂದ ಮುದುಕಿಯ ದನಿ ಬಂತು. "ನನ್ನ ಕಾಲು ಹೋಗಿದೆ, ಕಿವಿ ಹೋಗಿಲ್ಲ. ನಾಳೆಯಿಂದ ಆ ಹುಡುಗಿ ನನ್ನ ಮೈ ಮುಟ್ಟಕೂಡದು. ಇಲ್ಲೇ ಬಿದ್ದಿರ್ತೀನಿ."

ಏಣಿ ಬಕೆಟ್ಟಿನಿಂದ ಒದ್ದೆಗಾಲಲ್ಲೇ ಎದ್ದು ಓಡಿದಳು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಎಷ್ಟು ಕರೆದರೂ ತಿರುಗಲಿಲ್ಲ.

ಮಾರನೆಯ ಬೆಳಗಿನ ಜಾವ ಕನ್ನಡಕದವರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ತಾಯಿಯ ಕೋಣೆಗೆ ಹೋದರು. ಹೆಂಡತಿ ಹೊರಟಾಗಿತ್ತು. ಮಗಳನ್ನು ಅವರೇ ಅಭ್ಯಾಸಕ್ಕೆ ಗದರಿಸಿ ಕಳಿಸಿದ್ದರು.

"ನೀನಾ? ನಿನಗೆ ನಿನ್ನನ್ನೇ ಎತ್ಕೊಳ್ಳೋಕೆ ಆಗಲ್ಲ" ಎಂದರು ತಾಯಿ.

"ಕೈ ಕೊಡಮ್ಮ."

ಕಂಕುಳಿಗೆ ಕೈ ಹಾಕಿ ಎತ್ತಿದರು. ತಾಯಿ ಅರ್ಧ ಎದ್ದರು. ಅಲ್ಲಿ ಬೆನ್ನು ಕೈಕೊಟ್ಟಿತು. ಬೀಳಿಸಬಾರದೆಂದು ತಬ್ಬಿ ಹಿಡಿದು ಮೆಲ್ಲಗೆ ಜಾರುತ್ತ ಜಾರುತ್ತ, ತಾಯಿ ಮಗ ಇಬ್ಬರೂ ನೆಲದ ಮೇಲೆ ಮಂಚಕ್ಕೆ ಒರಗಿ ಕೂತುಬಿಟ್ಟರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಏಳಲು ಇಬ್ಬರಿಂದಲೂ ಆಗದು.

ಮುದುಕಿ ಸ್ವಲ್ಪ ಹೊತ್ತು ಏದುಸಿರು ಬಿಟ್ಟರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು. "ಕುಂಟನನ್ನ ಹೊತ್ಕೋ ಅಂತ ಕುರುಡನಿಗೆ ಹೇಳಿದ ಹಾಗಾಯ್ತು. ನಮ್ಮಿಬ್ಬರಲ್ಲಿ ಇಬ್ಬರೂ ಕುಂಟರೇ."

ಕನ್ನಡಕದವರೂ ನಕ್ಕರು. ನಗುತ್ತ ಇದ್ದಂತೆ ಕಣ್ಣು ತುಂಬಿತು. ಮಂಚದ ಮೇಲಿನ ದಿಂಬನ್ನು ಕೈಗೆ ಸಿಕ್ಕಷ್ಟು ಎಳೆದು ತಾಯಿಯ ಬೆನ್ನಿಗೆ ಇಟ್ಟರು. ಒದ್ದೆ ಬಟ್ಟೆಯನ್ನು ಅಲ್ಲೇ ಕೂತು ಬದಲಿಸಿದರು. ತಾಯಿ ನಾಚಿಕೆಯಿಂದ ಮುಖ ಆಚೆ ಮಾಡಿದರು.

"ದಿನಾ ಅವಳು ಇದನ್ನ ಮಾಡ್ತಾಳೆ. ಒಂದು ಸಲಾನೂ ಮುಖ ಹಿಂಡಿಲ್ಲ. ನಾನು ಒಳಗೊಳಗೇ ಲೆಕ್ಕ ಹಾಕ್ತಿದ್ದೆ, ಇನ್ನೆಷ್ಟು ದಿನ ಎತ್ತಿಸ್ಕೋಬೇಕು ಅಂತ."

"ಅಂಥ ಮಾತು ಬೇಡಮ್ಮ."

"ಬೇಡ ಅಂದ್ರೆ ಬರದೇ ಇರತ್ತಾ? ಸುಸ್ತಾಗಿದೆ ಕಣೋ ನನಗೂ."

ಕನ್ನಡಕದವರು ತಾಯಿಯ ಕೈ ಹಿಡಿದು ಕೂತರು. ಕಿಟಕಿಯಲ್ಲಿ ಬೆಳಕಾಯಿತು. ಎದುರಿನ ಮನೆಯವರು ಸ್ಕೂಟರ್ ಒದೆಯುವುದು ಕೇಳಿಸಿತು. ತಾಯಿಯ ಜೊತೆ ಹೀಗೆ ಸುಮ್ಮನೆ ಕೂತು ವರ್ಷಗಳೇ ಆಗಿದ್ದವು.

ಪಾಳಿ ಮುಗಿಸಿ ಬಂದ ಹೆಂಡತಿ ಬಾಗಿಲಲ್ಲೇ ನಿಂತು ಹಣೆ ಚಚ್ಚಿಕೊಂಡರು. "ಚೆನ್ನಾಗಿದೆ! ರೀ, ಆಸ್ಪತ್ರೇಲಿ ನಿಮಗಿಂತ ಸಣಕಲು ಆಯಾಗಳು ಇದಕ್ಕಿಂತ ದಪ್ಪ ರೋಗಿಗಳನ್ನ ಎತ್ತುತ್ತಾರೆ. ಬೆನ್ನಿಂದ ಅಲ್ಲ, ಮಂಡಿಯಿಂದ." ಪಕ್ಕದ ಮನೆಯವರನ್ನು ಕರೆದು ಅತ್ತೆಯನ್ನು ಮಂಚಕ್ಕೆ ಸೇರಿಸಿದರು. ಆಮೇಲೆ ದಪ್ಪ ದುಪ್ಪಟಿಯೊಂದನ್ನು ಮಡಚಿ ಅತ್ತೆಯ ಕೆಳಗೆ ಹಾಸಿ, ಒಂದು ತುದಿ ಗಂಡನ ಕೈಗೆ ಕೊಟ್ಟು ಇನ್ನೊಂದು ತಾವು ಹಿಡಿದರು. ಇಬ್ಬರೂ ಒಟ್ಟಿಗೆ ಎಳೆದಾಗ ಮುದುಕಿ ಕುರ್ಚಿಯ ಕಡೆಗೆ ಸಲೀಸಾಗಿ ಜಾರಿದರು. ಇಬ್ಬರಿದ್ದರೆ ಆಗುವ ಕೆಲಸ ಅದು. ಒಬ್ಬಳೇ ಹುಡುಗಿ ಮಾಡುತ್ತಿದ್ದಳು.

ಹೆಂಡತಿ ಲ್ಯಾಬಿನಲ್ಲಿ ಬೇಡಿಕೊಂಡು ಮಧ್ಯಾಹ್ನದ ಪಾಳಿ ಪಡೆದರು. ಅಂದಿನಿಂದ ಬೆಳಿಗ್ಗೆ ಗಂಡಹೆಂಡತಿ ದುಪ್ಪಟಿ ಹಿಡಿದರು. ಸಂಜೆ ಅಂಗಡಿಯನ್ನು ಅರ್ಧಕ್ಕೆ ಮುಚ್ಚಿ ಬಂದು ಪಕ್ಕದ ಮನೆಯವರ ಜೊತೆ ಕನ್ನಡಕದವರು ಹಿಡಿದರು. ಅಜ್ಜಿ ಮೊಮ್ಮಗಳ ಜೊತೆ ಮತ್ತೆ ಮಾತಾಡಿದರು. ಕೂದಲು ಬಾಚಿಸಿಕೊಳ್ಳುವುದನ್ನು ಮಾತ್ರ ಅವಳಿಗೇ ಬಿಟ್ಟರು.

ಕನ್ನಡಕದವರು ಹೈರಾಣಾದರು. ಗಾಜು ತೀಡುವಾಗ ತೂಕಡಿಸಿ ಒಂದು ಜೊತೆ ಲೆನ್ಸ್ ಹಾಳು ಮಾಡಿದರು. ಬೋರ್ಡಿನ ಅಕ್ಷರ ಓದಿಸುತ್ತ ಓದಿಸುತ್ತ ಗಿರಾಕಿಯ ಮುಂದೆಯೇ ಕಣ್ಣು ಮುಚ್ಚಿದರು. "ಕೆಳಗಿನ ಸಾಲು ನಿಮಗೇ ಕಾಣ್ತಿಲ್ಲ ಅನ್ಸತ್ತೆ" ಎಂದನಂತೆ ಆತ.

ಆಟ ಒಮ್ಮೆಲೇ ಬದಲಾಗಲಿಲ್ಲ. ಮುಂದಿನ ಪಂದ್ಯವನ್ನೂ ತಂಡ ಸೋತಿತು. ಆದರೆ ಏಣಿ ಕೊನೆಯವರೆಗೂ ಓಡಿದಳು ಎಂಬುದನ್ನು ನಾಲ್ವರೂ ಗಮನಿಸಿದರು. ಅಂಗಡಿಯಲ್ಲಿ ಐದೂ ಡಬ್ಬಿ ಇಟ್ಟು ಅವಳ ಎಡಗೈಯನ್ನು ಅಪ್ಪನ ಎದುರೇ ಹರಾಜು ಹಾಕಿದರು. ಕನ್ನಡಕದವರು ಮನೆಗೆ ಹೋಗಿ ಚಾಚೂ ತಪ್ಪದೆ ವರದಿ ಒಪ್ಪಿಸಿದರು. ಅವಳು ಸೋಪಿನ ಡಬ್ಬಿಯನ್ನು ಎಡಗೈಯಲ್ಲಿ ಗೋಡೆಗೆ ಎಸೆದು ಹಿಡಿಯುತ್ತ ಕೇಳಿಸಿಕೊಂಡಳು.

ಅದರ ಮುಂದಿನ ಪಂದ್ಯಕ್ಕೆ ಕನ್ನಡಕದವರು ಗ್ಯಾಲರಿಯಲ್ಲಿ ಬಂದು ಕೂತಾಗ ಮೈಯಲ್ಲಿ ಕಸುವೇ ಇರಲಿಲ್ಲ. ಮೊದಲೆರಡು ಕ್ವಾರ್ಟರ್ ನೋಡಿದರು. ಮೂರನೆಯದು ಅರೆಬರೆ. ನಾಲ್ಕನೆಯದು ಶುರುವಾಗುವ ಹೊತ್ತಿಗೆ ತಲೆ ಪೋಸ್ಟ್‌ಮಾಸ್ಟರ ಹೆಗಲಿಗೆ ವಾಲಿತು. ಸುತ್ತ ಜನ ಎದ್ದು ಕಿರುಚಿದರೂ ಎಚ್ಚರವಾಗಲಿಲ್ಲ. ಮೇಷ್ಟ್ರು ಎಬ್ಬಿಸಲು ಕೈ ಚಾಚಿದಾಗ ಔಷಧಿ ಅಕ್ಕ ತಡೆದರು. "ಮಲಗಲಿ ಬಿಡಿ. ಪಾಪ, ಈಗ ಅವರ ಸರದಿ."

ಅವರು ಕಣ್ಣು ಬಿಟ್ಟಾಗ ಗ್ಯಾಲರಿ ಖಾಲಿಯಾಗುತ್ತಿತ್ತು. ಬೋರ್ಡಿನ ಮೇಲೆ ನಮ್ಮ ಅಂಕ ಎದುರಾಳಿಗಿಂತ ಒಂದು ಜಾಸ್ತಿ ಇತ್ತು.

"ಏನಾಯ್ತು?" ಎಂದು ಗಾಬರಿಯಿಂದ ಕೇಳಿದರು.

ಅಂಗಡಿಗೆ ಬಂದು ಮೂವರೂ ಒಟ್ಟಿಗೆ ಹೇಳತೊಡಗಿದರು. ಉದ್ದನೆಯ ಡಬ್ಬಿ ಕೌಂಟರಿನ ತುಂಬ ಓಡಾಡಿತು. ರಿಂಗಿನ ಕೆಳಗೆ ಏಣಿ ಸಾಲಾಗಿ ಚೆಂಡು ಕಸಿದಳಂತೆ. ಒಂದು ಸಲ ಎಡಗೈಯಿಂದಲೇ ಹಾಕಿದಳಂತೆ. ಅಲ್ಲ, ಅದು ಬಲಗೈ ಎಂದು ಪೋಸ್ಟ್‌ಮಾಸ್ಟರು ಜಗಳಕ್ಕೆ ನಿಂತರು. ಕೊನೆಯಲ್ಲಿ ಅಂಕ ಸಮವಿದ್ದಾಗ ಅವಳಿಗೆ ಎರಡು ಫ್ರೀ ಥ್ರೋ ಸಿಕ್ಕಿತಂತೆ. ಮೊದಲನೆಯದನ್ನು ಹಾಕಿದಳು, ಎರಡನೆಯದು ಎತ್ತಲೋ ಹೋಯಿತು.

"ಎರಡನೇದಕ್ಕೆ ನಗ್ತಾ ಇದ್ಲು" ಎಂದರು ಮೇಷ್ಟ್ರು. "ಅಷ್ಟು ಮುಖ್ಯವಾದ ಹೊತ್ತಲ್ಲಿ ಯಾಕೆ ನಕ್ಕಳೋ, ಅದೊಂದು ಅರ್ಥ ಆಗ್ಲಿಲ್ಲ ನಮಗೆ."

ಮನೆಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. "ಚೆಂಡು ಕೈಯಲ್ಲಿಟ್ಕೊಂಡು ತಲೆ ಎತ್ತಿದೆ ಅಪ್ಪ. ಊರೆಲ್ಲ ಎದ್ದು ನಿಂತಿದೆ, ನೀನು ಬಾಯಿ ತೆರ್ಕೊಂಡು ಮಲಗಿದ್ದೀಯ."

"ಎಬ್ಬಿಸ್ಬೇಕಿತ್ತು ಅವರು" ಎಂದು ಕನ್ನಡಕದವರು ಮುಖ ಚಿಕ್ಕದು ಮಾಡಿದರು. "ನಿನ್ನ ಒಳ್ಳೇ ಆಟ ನೋಡೋಕೇ ಆಗ್ಲಿಲ್ಲ ನನಗೆ."

"ಇನ್ನೊಂದು ಸಲ ಆಡ್ತೀನಿ ಬಿಡು" ಎಂದಳು ಅವಳು.

ಆ ವರ್ಷ ತಂಡ ಕಪ್ ಗೆಲ್ಲಲಿಲ್ಲ; ಪಟ್ಟಿಯ ನಡುವೆ ಎಲ್ಲೋ ಉಳಿಯಿತು. ಅಜ್ಜಿ ಸೀಸನ್ನು ಮುಗಿಯುವ ಹೊತ್ತಿಗೂ ಹಾಸಿಗೆಯಲ್ಲೇ ಇದ್ದರು. ಎಡಗೈಯೋ ಬಲಗೈಯೋ ಎಂಬ ಜಗಳ ಮಾತ್ರ ಮುಗಿಯಲಿಲ್ಲ. ಅವಳನ್ನೇ ಕೇಳಿಬಿಡಿ ಎಂದು ಕನ್ನಡಕದವರು ಹೇಳಿದರೆ, "ಆಡಿದವರಿಗೇನು ಗೊತ್ತಿರತ್ತೆ ರೀ, ನೋಡಿದವರು ನಾವು" ಎಂದು ಪೋಸ್ಟ್‌ಮಾಸ್ಟರು ಅವರ ಬಾಯಿ ಮುಚ್ಚಿಸಿದರು.